ರಾಯರು ರೇಡಿಯೋ ಕೊಳ್ಳುತ್ತಿದ್ದಾರೆ

ಕೆಲವರು ರೇಡಿಯೋ ಕೊಳ್ಳುತ್ತಾರೆ. ಕೆಲವರು ಕೊಳ್ಳುತ್ತಲೇ ಇರುತ್ತಾರೆ. ಸರಸ್ವತೀಪುರಂನ ನಮ್ಮ ರಾಯರು ಎರಡನೆಯ ಪಂಗಡದವರು. ಮೈಸೂರಿನ ಯಾವ ಬಡಾವಣೆಗೆ ಹೋದರೂ ಈ ಪಂಗಡದವರು ಸಿಗುತ್ತಾರೆ. ಒಬ್ಬರು ಸೈಟು ಕೊಳ್ಳುತ್ತಿರುತ್ತಾರೆ, ಇನ್ನೊಬ್ಬರು ವೆಟ್ ಗ್ರೈಂಡರು, ಮತ್ತೊಬ್ಬರು ಮಗನಿಗೆ ಹೆಣ್ಣು ನೋಡುತ್ತಿರುತ್ತಾರೆ. ರಾಯರದು ಮೇಜಿನ ಮೇಲಿಡುವ ರೇಡಿಯೋ. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ದಿನ ಹಾರ ಹಾಕಿ, ಶಾಲು ಹೊದಿಸಿ, "ಇನ್ನು ಮುಂದೆ ಏನ್ ಮಾಡ್ತೀರಿ ಸಾರ್?" ಎಂದು ಸಹೋದ್ಯೋಗಿಗಳು ಕೇಳಿದರಂತೆ. "ಒಂದು ಒಳ್ಳೇ ರೇಡಿಯೋ ತಗೊಂಡು ನೆಮ್ಮದಿಯಾಗಿ ಕೇಳ್ತಾ ಕೂತಿರ್ತೀನಿ" ಎಂದರಂತೆ ರಾಯರು. ಆ ಶಾಲು ಬಣ್ಣಗೆಟ್ಟು, ಈಗ ಇಸ್ತ್ರಿ ಮಾಡುವಾಗ ಬಟ್ಟೆಯ ಅಡಿಗೆ ಹಾಸುವ ಮಟ್ಟಕ್ಕೆ ಇಳಿದಿದೆ. ರೇಡಿಯೋ ಇನ್ನೂ ಬಂದಿಲ್ಲ.

ಜಿಪುಣತನ ಎಂದುಕೊಳ್ಳಬೇಡಿ. ಬ್ಯಾಂಕಿನಲ್ಲಿ ಪಿಂಚಣಿ ಬೀಳುತ್ತದೆ, ಮಗಳು ಅಮೆರಿಕದಲ್ಲಿದ್ದಾಳೆ, ಮನೆ ಸ್ವಂತದ್ದು. ತೊಂದರೆ ಇರುವುದು ಕಿವಿಯಲ್ಲಿ. ಆ ಕಿವಿಯನ್ನು ಕೆಡಿಸಿದ್ದು ಅವರ ತಂದೆಯ ಕಾಲದ ಮರ್ಫಿ ಸೆಟ್ಟು. ಅದರ ಕಥೆಯನ್ನು ಅವರ ಬಾಯಿಂದಲೇ ಕೇಳಬೇಕು. ಗುಂಡಿ ತಿರುಗಿಸಿದ ಕೂಡಲೇ ಮಾತಾಡುತ್ತಿರಲಿಲ್ಲವಂತೆ. ಒಳಗಿನ ವಾಲ್ವುಗಳು ಕಾಯಬೇಕು, ಆಮೇಲೆ ದೂರದಿಂದ ಬಂದಂತೆ ಸದ್ದು ಏಳಬೇಕು. ಮರದ ಪೆಟ್ಟಿಗೆ, ಒಳಗೆ ಅಂಗೈಗಿಂತ ದೊಡ್ಡ ಸ್ಪೀಕರು. ವಾರ್ತೆ ಓದುವವರು ನಡುಮನೆಯಲ್ಲೇ ಕೂತಿದ್ದಾರೆ ಎನ್ನಿಸಿ ರಾಯರ ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಿದ್ದರಂತೆ. ಬುಧವಾರ ರಾತ್ರಿ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಬಂತೆಂದರೆ ಪಕ್ಕದ ಮನೆಯವರೂ ಕಿಟಕಿಯ ಹತ್ತಿರ ಸೇರುತ್ತಿದ್ದರಂತೆ. "ಆಗ ರೇಡಿಯೋ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಕಿತ್ತು. ವರ್ಷ ವರ್ಷ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಬೇಕಿತ್ತು. ದುಡ್ಡು ಕಟ್ಟಿದೋರು ಬಾಯಿ ಮುಚ್ಕೊಂಡು ಕೇಳ್ತಿದ್ರು. ಈಗ ಪುಕ್ಕಟೆ, ಅದಕ್ಕೇ ಮಾತಾಡ್ತಾ ಕೇಳ್ತಾರೆ" ಎನ್ನುವುದು ರಾಯರ ಸಿದ್ಧಾಂತ. ಈ ಮಾತನ್ನು ಅವರು ಯಾರೋ ರೇಡಿಯೋ ಕೇಳುತ್ತಿರುವಾಗಲೇ ಹೇಳುತ್ತಾರೆ.

ಊರಿನ ಅಭಿಮಾನವೂ ಸೇರಿಕೊಂಡಿದೆ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿ ಅದನ್ನು ಆಕಾಶವಾಣಿ ಎಂದು ಕರೆದರು. ಇಡೀ ದೇಶದ ಬಾನುಲಿಗೆ ಆಮೇಲೆ ಅದೇ ಹೆಸರಾಯಿತು. "ಅಂಥಾ ಊರಲ್ಲಿ ಹುಟ್ಟಿ ಡಬ್ಬಾ ಸೌಂಡ್ ಕೇಳ್ಲೇನಯ್ಯಾ?" ಎಂದು ರಾಯರು ಕೇಳುತ್ತಾರೆ. ಶುರು ಮಾಡಿದವರು ಮನಃಶಾಸ್ತ್ರಜ್ಞರಾದ್ದರಿಂದ, ಮುಂದೆ ಈ ಊರಿನಲ್ಲಿ ಯಾವ ಬಗೆಯ ಗಿರಾಕಿಗಳು ಹುಟ್ಟುತ್ತಾರೆ ಎಂಬುದು ಅವರಿಗೆ ಗೊತ್ತಿದ್ದಿರಬೇಕು ಎಂದು ನನಗನ್ನಿಸುತ್ತದೆ.

ರಾಯರ ಪ್ರತಿಭೆ ನೋಡಬೇಕಾದರೆ ದೇವರಾಜ ಅರಸು ರಸ್ತೆಗೆ ಅವರ ಜೊತೆ ಹೋಗಬೇಕು. ಹೊರಡುವುದು ವಾರ್ತೆಯ ಹೊತ್ತು ನೋಡಿಕೊಂಡು. ಅಂಗಡಿಯ ಹುಡುಗ ಹೊಸಬನಾದರೆ ಖುಷಿಯಿಂದ ಪೆಟ್ಟಿಗೆ ಬಿಚ್ಚುತ್ತಾನೆ. ಹಳಬನಾದರೆ ಟೀ ಕುಡಿಯಲು ಹೋಗುತ್ತಾನೆ.

"ಬ್ಲೂಟೂತ್ ಇದೆ ಸಾರ್, ಪೆನ್‌ಡ್ರೈವ್ ಹಾಕ್ಬೋದು, ಲೈಟ್ ಬರುತ್ತೆ."

"ಲೈಟ್ ಯಾಕಪ್ಪಾ?"

"ಹಾಡಿಗೆ ತಕ್ಕಂಗೆ ಕುಣಿಯುತ್ತೆ ಸಾರ್."

"ಕುಣೀಲಿ ಬಿಡು. ವ್ಯಾಟ್ ಎಷ್ಟು?"

"ಸಾವಿರ ವ್ಯಾಟ್ ಸಾರ್, ಪಿಎಂಪಿಒ."

"ಮರೀ, ಪಿಎಂಪಿಒ ಅಂದ್ರೆ ಚುನಾವಣೆ ಪ್ರಣಾಳಿಕೆ, ಆರ್‌ಎಂಎಸ್ ಅಂದ್ರೆ ಬಜೆಟ್ಟು. ಆರ್‌ಎಂಎಸ್ ಎಷ್ಟು ಹೇಳು."

ಹುಡುಗ ಒಳಗೆ ಹೋಗಿ ಮಾಲೀಕರನ್ನು ಕರೆದುಕೊಂಡು ಬರುತ್ತಾನೆ. ಅಷ್ಟರಲ್ಲಿ ರಾಯರು ಸೆಟ್ಟನ್ನು ಕೈಯಲ್ಲಿ ತೂಗಿ, ತೆಂಗಿನಕಾಯಿ ಆರಿಸುವವರಂತೆ ಬೆರಳ ಗಿಣ್ಣಿನಿಂದ ಮಗ್ಗುಲಿಗೆ ಎರಡು ಸಲ ಬಡಿದು, ಕಿವಿಗಿಟ್ಟುಕೊಂಡಿರುತ್ತಾರೆ. ಪೆಟ್ಟಿಗೆ ತಾನಾಗಿ ಸದ್ದು ಮಾಡಕೂಡದು, ಸದ್ದು ಮಾಡುವ ಕೆಲಸ ಸ್ಪೀಕರಿನದು ಎಂಬುದು ಅವರ ಮೊದಲ ನಿಯಮ. ತೆಳು ಪ್ಲಾಸ್ಟಿಕ್ಕಿನ ಗೋಡೆ ಹಾಡಿನ ಜೊತೆ ತಾನೂ ನಡುಗಿ ಗುಂಯ್‌ಗುಡುತ್ತದೆ. ದಪ್ಪ ಮರವೋ ಎಂ.ಡಿ.ಎಫ್. ಹಲಗೆಯೋ ಆದರೆ ಸುಮ್ಮನಿರುತ್ತದೆ. ಗೇಣುದ್ದದ ಪೆಟ್ಟಿಗೆಯಲ್ಲಿ ಎರಡು ಪುಟಾಣಿ ಸ್ಪೀಕರಿಟ್ಟು ಸ್ಟೀರಿಯೋ ಎಂದರೆ ಅವರು ಒಪ್ಪುವುದಿಲ್ಲ. "ಎರಡಕ್ಕೂ ಮಧ್ಯೆ ಒಂದು ಇಡ್ಲಿ ಇಡೋಷ್ಟು ಜಾಗ ಇಲ್ಲ, ಎಡ ಯಾವುದು ಬಲ ಯಾವುದು? ಅದರ ಬದಲು ಒಂದೇ ದೊಡ್ಡದು ಕೊಡ್ಲಿ" ಎನ್ನುತ್ತಾರೆ. ಈ ಮಾತಿಗೆ ಅಂಗಡಿಯವರಲ್ಲಿ ಉತ್ತರವಿರುವುದಿಲ್ಲ.

ನಿಜವಾದ ಪರೀಕ್ಷೆ ಆಮೇಲೆ. ಕಾಂಕ್ರೀಟು, ಕಬ್ಬಿಣದ ರ‍್ಯಾಕು, ತಲೆಯ ಮೇಲೆ ಸಾಲು ಸಾಲು ಎಲ್‌ಇಡಿ. ಅಂಗಡಿಯೊಳಗೆ ಎಫ್‌ಎಂ ಕೊರಗುಟ್ಟುತ್ತದೆ, ಮೀಡಿಯಂ ವೇವ್ ಬರೀ ಗೊರ‍್ರ್ ಎನ್ನುತ್ತದೆ. "ಮನೇಲಿ ಚೆನ್ನಾಗ್ ಬರುತ್ತೆ ಸಾರ್" ಎಂಬ ಆಶ್ವಾಸನೆಗೆ ಬಗ್ಗದೆ ರಾಯರು ಎಕ್ಸ್‌ಟೆನ್ಷನ್ ವೈರು ಎಳೆಸಿ ಸೆಟ್ಟನ್ನು ಫುಟ್‌ಪಾತಿಗೆ ತರುತ್ತಾರೆ. ಅಲ್ಲಿ, ಸ್ಕೂಟರುಗಳ ನಡುವೆ ನಿಂತು, ಮೈಸೂರು ಆಕಾಶವಾಣಿಯ 100.6 ಹಾಕಿ ಕಣ್ಣು ಮುಚ್ಚುತ್ತಾರೆ. ಮೊದಲು ವಾರ್ತೆ. ಮನುಷ್ಯನ ದನಿ ಸರಿಯಾಗಿ ಬಾರದ ರೇಡಿಯೋದಲ್ಲಿ ಇನ್ನೇನು ಬಂದರೂ ದಂಡ. ಗಂಡಸಿನ ದನಿಗೆ ನೆಗಡಿ ಹಿಡಿದಿರಬಾರದು. 'ಸಚಿವ ಸಂಪುಟ ಸಭೆ' ಎಂದಾಗ ಸಕಾರಗಳು ಉಗುಳಬಾರದು. ವಾರ್ತೆ ಮುಗಿದು ಕಚೇರಿ ಶುರುವಾದರೆ ಅದೃಷ್ಟ. ತಂಬೂರಿಯ ಜೇಂಕಾರ ಮೇಲೆ ಮೇಲೆ ಹೋಗುವುದು ಕೇಳಬೇಕು, ಮೃದಂಗದ ಎಡಗೈ ಬಿದ್ದಾಗ ತೊಪ್ಪಿಯ ಗುಮ್ಮು ಬಂದು ಅಲ್ಲೇ ನಿಲ್ಲಬೇಕು. ಎಳೆದಾಡಿದರೆ ಅದು ಬೂಸ್ಟ್ ಮಾಡಿದ ಸುಳ್ಳು ಬೇಸು. ಕೊನೆಗೆ ವಾಲ್ಯೂಮನ್ನು ತೀರಾ ಇಳಿಸುತ್ತಾರೆ. "ಜೋರಾಗಿ ಹಾಕಿದ್ರೆ ಯಾವ ರೇಡಿಯೋನೂ ಚೆನ್ನಾಗೇ ಕೇಳ್ಸುತ್ತೆ. ಮನೇಲಿ ಮಗು ಮಲಗಿದಾಗ ಕೇಳ್ಸಬೇಕು, ಅದು ಪರೀಕ್ಷೆ." ಅಷ್ಟು ಹೊತ್ತಿಗೆ ಫುಟ್‌ಪಾತಿನಲ್ಲಿ ಹತ್ತು ಜನ ಸೇರಿ, ಅದರಲ್ಲಿ ಇಬ್ಬರು ಆ ಸೆಟ್ಟನ್ನು ಕೊಂಡೇಬಿಡುತ್ತಾರೆ. ಹೀಗಾಗಿ ಮಾಲೀಕರು ರಾಯರನ್ನು ಬಯ್ಯುವುದಿಲ್ಲ. ಕುರ್ಚಿ ಕೊಟ್ಟು ಕಾಫಿ ತರಿಸುತ್ತಾರೆ. ರಾಯರು ಮಾತ್ರ "ಟ್ಯೂನಿಂಗ್ ಗುಂಡೀಲಿ ಸ್ವಲ್ಪ ಆಟ ಇದೆ, ಮುಂದಿನ ಮಾಡೆಲ್ ಬರ್ಲಿ" ಎಂದು ಬರಿಗೈಯಲ್ಲಿ ಬರುತ್ತಾರೆ.

ಒಮ್ಮೆ ಈ ಅಧ್ಯಾಯ ಮುಗಿದೇಹೋಯಿತು ಎಂದು ಬೀದಿಯವರೆಲ್ಲ ನಂಬಿದ್ದೆವು. ಅಳಿಯ ಅಮೆರಿಕದಿಂದ ಒಂದು ಡಿಜಿಟಲ್ ಸೆಟ್ಟು ತಂದಿದ್ದ. ರಾಯರು ಕೇಳಿದ್ದು ಹೆನ್ರಿ ಕ್ಲಾಸ್ ರೂಪಿಸಿದ ಟಿವೊಲಿ ಮಾಡೆಲ್ ಒನ್. 2000ದಲ್ಲಿ ಬಂದ, ಮರದ ಪೆಟ್ಟಿಗೆಯ, ಕೈಯಲ್ಲಿ ತಿರುಗಿಸುವ ದೊಡ್ಡ ಡಯಲಿನ ರೇಡಿಯೋ. ಅಳಿಯ, ಹಳೇ ಕಾಲದ ಗುಂಡಿ ಯಾಕೆ ಎಂದುಕೊಂಡು, ಅಂಕಿ ಮೂಡುವುದನ್ನೇ ತಂದ. ನೋಡಲು ಲಕ್ಷಣವಾಗಿತ್ತು. 110 ವೋಲ್ಟಿನದಾದ್ದರಿಂದ ಟ್ರಾನ್ಸ್‌ಫಾರ್ಮರ್ ಬೇಕಾಯಿತು, ಅದನ್ನು ರಾಯರೇ ಜೋಡಿಸಿದರು. ಕೆನ್ನೆಗೆ ಕುಂಕುಮದ ಬೊಟ್ಟಿಟ್ಟು ಬಟನ್ ಒತ್ತಿದರು. 100.3, 100.5 ಎಂದಿತು. ಮತ್ತೆ ಒತ್ತಿದರು. 100.7 ಎಂದಿತು. ಹಿಂದಕ್ಕೆ ಒತ್ತಿದರು, 100.5. ಅಮೆರಿಕದಲ್ಲಿ ಎಫ್‌ಎಂ ನಿಲಯಗಳೆಲ್ಲ ಬೆಸ ದಶಾಂಶದಲ್ಲಿರುವುದರಿಂದ ಆ ಸೆಟ್ಟಿಗೆ ಸರಿಸಂಖ್ಯೆಯ ಪರಿಚಯವೇ ಇರಲಿಲ್ಲ. ಆಕಾಶವಾಣಿಯ ಊರಿನಲ್ಲಿ ಕೂತು ಆಕಾಶವಾಣಿಯನ್ನೇ ಹಾರಿಕೊಂಡು ಹೋಗುತ್ತಿತ್ತು. ಮೀಡಿಯಂ ವೇವ್‌ನಲ್ಲೂ ಅದೇ ಪಾಡು. ನಮ್ಮ ನಿಲಯಗಳು 9 ಕಿಲೋಹರ್ಟ್ಸ್ ಲೆಕ್ಕದಲ್ಲಿ ನಿಂತಿವೆ, ಅಲ್ಲಿಯವು 10ರ ಲೆಕ್ಕದಲ್ಲಿ. ಬೆಂಗಳೂರಿನ 612ಕ್ಕೆ ಹೋದರೆ 610ರಲ್ಲಿ ನಿಂತು ಗೊಣಗಿತು. ರಾತ್ರಿ ಧಾರವಾಡದ 765 ಹಿಡಿಯೋಣವೆಂದರೆ 760ಕ್ಕೂ 770ಕ್ಕೂ ನಡುವೆ ಧಾರವಾಡವೇ ಮಾಯ. "ಅಳಿಯಂದಿರು ತಂದಿದ್ದು, ಇಟ್ಕೊಳ್ಳಿ" ಎಂದರು ಮನೆಯವರು. ಅದು ಈಗಲೂ ಶೋಕೇಸಿನಲ್ಲಿ ಗಡಿಯಾರವಾಗಿ ಸೇವೆ ಸಲ್ಲಿಸುತ್ತಿದೆ. ಗಂಟೆ ತೋರಿಸುವುದು ಮಾತ್ರ ಅಮೆರಿಕದ್ದು. ಮಗಳಿಗೆ ಫೋನ್ ಮಾಡಲು ಅನುಕೂಲ.

ಇಷ್ಟೆಲ್ಲ ಆದರೂ, ಅವರ ಸಲಹೆ ಕೇಳಿದ ಯಾರೂ ಕೆಟ್ಟಿಲ್ಲ. ನಮ್ಮ ಬೀದಿಯಲ್ಲಿ ಎಂಟು ಮನೆಯಲ್ಲಿ ಇಂಪಾದ ರೇಡಿಯೋ ಇದ್ದರೆ ಎಂಟೂ ರಾಯರು ಆರಿಸಿಕೊಟ್ಟದ್ದೇ. ಆರಿಸಿ ಕೊಟ್ಟು ಸುಮ್ಮನಾಗುವುದಿಲ್ಲ. ಸಂಜೆ ಆರಕ್ಕೆ ವಾಕಿಂಗ್ ನೆಪದಲ್ಲಿ ಹೊರಟು, ಹೆರಿಗೆಯಾದ ಮನೆಗಳಿಗೆ ಹೋಗುವ ಆರೋಗ್ಯ ಕಾರ್ಯಕರ್ತೆಯ ಶ್ರದ್ಧೆಯಿಂದ ಮನೆ ಮನೆಗೂ ಹೋಗುತ್ತಾರೆ. ನಿವೃತ್ತ ಹೆಡ್‌ಮಾಸ್ತರರ ಮನೆಯಲ್ಲಿ ಸೆಟ್ಟನ್ನು ಫ್ರಿಜ್ಜಿನ ಮೇಲಿಂದ ಇಳಿಸಿ ಮರದ ಮೇಜಿನ ಮೇಲೆ, ಗೋಡೆಗೆ ಬೆನ್ನಾಗಿ ಇಡಿಸಿದರು. ಗೋಡೆಯ ಆಸರೆಯಿಂದ ಬೇಸು ತುಂಬಿಕೊಂಡಿತು. ಡಾಕ್ಟರ ಮನೆಯಲ್ಲಿ ಅತ್ತೆಯವರು ಹೆಣೆದಿದ್ದ ಕ್ರೋಶಾ ಹೊದಿಕೆಯನ್ನು ಸ್ಪೀಕರಿನ ಬಾಯಿಯಿಂದ ತೆಗೆಸಿದರು. ಅತ್ತೆಯವರು ಈಗಲೂ ಮಾತು ಬಿಟ್ಟಿದ್ದಾರೆ. ಮೂಲೆಮನೆಯವರ ಮೀಡಿಯಂ ವೇವ್ ಗೊರಗೊರ ಎನ್ನುತ್ತಿದ್ದಾಗ, ಮೊಬೈಲಿನ ಚಾರ್ಜರು ಕೀಳಿಸಿದರು, ಒಂದೊಂದಾಗಿ ಎಲ್‌ಇಡಿ ಬಲ್ಬು ಆರಿಸಿದರು, ಆಮೇಲೆ ಸೆಟ್ಟನ್ನೇ ಕಾಲು ಸುತ್ತು ತಿರುಗಿಸಿದರು. ಗೊರಗೊರ ನಿಂತಿತು. ಒಳಗಿರುವ ಫೆರೈಟ್ ಕಡ್ಡಿ ನಿಲಯಕ್ಕೆ ಅಡ್ಡವಾಗಿ ನಿಂತರೆ ಸದ್ದು ಹೆಚ್ಚುತ್ತದೆ, ಅದರ ತುದಿ ನಿಲಯದ ಕಡೆ ತಿರುಗಿದರೆ ಕುಗ್ಗುತ್ತದೆ ಎಂದು ವಿವರಿಸಿದರು. ಕತ್ತಲೆಯಲ್ಲಿ ಕೂತಿದ್ದ ಮನೆಯವರು ಭಕ್ತಿಯಿಂದ ಕೇಳಿದರು. ಎಫ್‌ಎಂಗೆ ಏರಿಯಲ್ ಕಡ್ಡಿಯನ್ನು ಮುಕ್ಕಾಲು ಮೀಟರು ಎಳೆದರೆ ಸಾಕು, ಅಲೆಯ ಉದ್ದ ಮೂರು ಮೀಟರು, ಅದರ ಕಾಲು ಭಾಗ ಎಂಬ ಲೆಕ್ಕ ನಮ್ಮ ಬೀದಿಯ ಇಸ್ತ್ರಿ ಅಂಗಡಿಯವನಿಗೂ ಬಾಯಿಪಾಠ.

ಹೀಗೆ ರಾಯರಿಗೆ ಒಂದು ಮನೆಯಲ್ಲಿ ಪ್ರದೇಶ ಸಮಾಚಾರ, ಮುಂದಿನ ಮನೆಯಲ್ಲಿ ಕೃಷಿರಂಗ, ಅದರಾಚೆ ಒಂದು ಪಲ್ಲವಿ, ಮಧ್ಯೆ ಎರಡು ಕಾಫಿ. ಮನೆಗೆ ಮರಳುವಾಗ ಎಂಟು ದಾಟಿರುತ್ತದೆ.

ಮೊನ್ನೆ ಮಾತ್ರ ಗಂಡಾಂತರ ಬಂದಿತ್ತು. ಒಂದು ಸೆಟ್ಟು ಎಲ್ಲದರಲ್ಲೂ ಪಾಸಾಯಿತು. ಬಡಿದರೆ ಸದ್ದಿಲ್ಲ, ಸಕಾರ ಉಗುಳುವುದಿಲ್ಲ, ತೊಪ್ಪಿ ತೊಪ್ಪಿಯಂತೆಯೇ ಕೇಳುತ್ತದೆ, ಗುಂಡಿಯಲ್ಲಿ ಆಟವಿಲ್ಲ. ರಾಯರು ಖುಷಿಯಿಂದಲೋ ಭಯದಿಂದಲೋ ಬೆವರುತ್ತ ಮನೆಗೆ ಬಂದು ಬೀರುವಿನ ಬೀಗದ ಕೈ ಹುಡುಕುತ್ತಿದ್ದರು. ನಾನೂ ಜೊತೆಯಲ್ಲಿದ್ದೆ. ಅವರ ಮನೆಯವರು ಸೊಪ್ಪು ಬಿಡಿಸುತ್ತಿದ್ದವರು ತಲೆಯೆತ್ತದೆ ಕೇಳಿದರು:

"ರೀ, ಅದ್ರಲ್ಲಿ ಡಿಆರ್‌ಎಂ ಬರುತ್ತೇನ್ರೀ?"

ರಾಯರು ನಿಂತಲ್ಲೇ ನಿಂತರು. ಮೀಡಿಯಂ ವೇವ್‌ನಲ್ಲಿ ಆಕಾಶವಾಣಿ ಶುರು ಮಾಡಿರುವ ಡಿಜಿಟಲ್ ಪ್ರಸಾರ ಅದು. ಗೊರಗೊರ ಇಲ್ಲದೆ ಕೇಳಬಹುದು. ಆದರೆ ಹಿಡಿಯುವ ರೇಡಿಯೋ ಕೆಲವು ಕಾರುಗಳಲ್ಲಿದೆಯೇ ಹೊರತು ಅರಸು ರಸ್ತೆಯ ಅಂಗಡಿಗಳಲ್ಲಿ ಕಣ್ಣಿಗೆ ಬೀಳುವುದು ಅಪರೂಪ. "ಸರಿಯಾಗಿ ಕೇಳಿದೆ ಕಣೇ. ಇಷ್ಟು ದುಡ್ಡು ಹಾಕಿ ನಾಳೆ ಹಳೇದಾಗೋದನ್ನ ತರೋದಾ? ಇರು, ವಿಚಾರಿಸ್ಕೊಂಡು ಬರ್ತೀನಿ" ಎಂದು ಚಪ್ಪಲಿ ಮೆಟ್ಟಿ ಹೆಡ್‌ಮಾಸ್ತರರ ಮನೆಯ ಕಡೆ ನಡೆದರು.

ಗೇಟಿನ ಸದ್ದಾದ ಮೇಲೆ ಮನೆಯವರು ಎದ್ದು ಅಡುಗೆಮನೆಗೆ ಹೋದರು. ಸಾಂಬಾರ್ ಪುಡಿ ಡಬ್ಬದ ಹಿಂದಿನಿಂದ, ಬ್ಯಾಟರಿಯ ಮುಚ್ಚಳ ಕಳೆದುಹೋಗಿ ರಬ್ಬರ್ ಬ್ಯಾಂಡ್ ಹಾಕಿದ್ದ ಅಂಗೈಯಗಲದ ಟ್ರಾನ್ಸಿಸ್ಟರು ಹೊರಬಂತು. ಭಾವಗೀತೆ ಬರುತ್ತಿತ್ತು. ಬೇಸೂ ಇಲ್ಲ, ಟ್ರೆಬಲ್ಲೂ ಇಲ್ಲ. ಹಾಡು ಮಾತ್ರ ಇತ್ತು.

"ಅವರ ಮುಂದೆ ಯಾಕೆ ಹಾಕಲ್ಲ ನೀವು?" ಎಂದೆ.

"ಹಾಡಿನ ಮಧ್ಯ 'ಮಿಡ್‌ರೇಂಜ್ ನೋಡು, ಮಿಡ್‌ರೇಂಜ್ ನೋಡು' ಅಂತಾರಪ್ಪ. ಮದುವೆಯಾದಾಗಿಂದ ಒಂದು ಚರಣ ಪೂರ್ತಿ ಕೇಳಿಲ್ಲ. ಒಳ್ಳೇ ರೇಡಿಯೋ ಮನೆಗೆ ಬಂತು ಅಂದ್ರೆ ಸಂಜೆ ವಾಕಿಂಗೂ ನಿಲ್ಲುತ್ತೆ."

ಹೋದ ವರ್ಷ "ಟಿ.ವಿ. ಹಾಕ್ದಾಗ ಬರ‍್ರ್ ಅನ್ನಲ್ವಾ?" ಎಂದು ಕೇಳಿದವರೂ ಇವರೇ, ಅದಕ್ಕೂ ಹಿಂದೆ "ಒಂದೇ ಸ್ಪೀಕರಾದ್ರೆ ಸಾಕಾ?" ಎಂದವರೂ ಇವರೇ ಎಂಬುದು ಆಗ ನನಗೆ ಹೊಳೆಯಿತು. ಅಷ್ಟರಲ್ಲಿ ಅವರು ವಾಲ್ಯೂಮು ಇನ್ನಷ್ಟು ತಗ್ಗಿಸಿ, ಬಾಗಿಲ ಕಡೆ ಒಮ್ಮೆ ನೋಡಿ ಕೇಳಿದರು:

"ಈ ಡಿಆರ್‌ಎಂ ಆದ್ಮೇಲೆ ಇನ್ನೇನಾದ್ರೂ ಹೊಸದು ಬರೋದಿದ್ಯೇನಪ್ಪಾ? ಸ್ವಲ್ಪ ತಿಳ್ಕೊಂಡು ಹೇಳು. ಮುಂದಿನ ಸಲಕ್ಕೆ ಬೇಕಾಗುತ್ತೆ."