ಅಜ್ಜಿಯ ಸೀರೆ ಯಾವ ಬಣ್ಣ? ಅಥವಾ ಫೋಟೋಸಂಪಾದನ ಶಾಸ್ತ್ರ ಪ್ರವೇಶಿಕೆ

ಕನ್ನಡದಲ್ಲಿ ‘ಸಂಪಾದನೆ’ ಎಂಬ ಪದಕ್ಕೆ ಎರಡು ಅರ್ಥ. ಮನೆಯವರು ಒಂದನ್ನು ನಿರೀಕ್ಷಿಸುತ್ತಿರುವಾಗ ವಿದ್ವಾಂಸ ಇನ್ನೊಂದರಲ್ಲಿ ಮುಳುಗಿರುತ್ತಾನೆ. ಪ್ರಸ್ತುತ ಪ್ರಬಂಧ ಆ ಇನ್ನೊಂದಕ್ಕೆ ಸೇರಿದ್ದು. ಮೊದಲನೆಯದು ಏನಾಯಿತೆಂದು ಈಗಾಗಲೇ ಅಡುಗೆಮನೆಯಿಂದ ವಿಚಾರಣೆ ಬಂದಿದೆ.

ಡಿ. ಎಲ್. ನರಸಿಂಹಾಚಾರ್ಯರು 1964ರಲ್ಲಿ ‘ಕನ್ನಡ ಗ್ರಂಥಸಂಪಾದನೆ’ ಬರೆದು ಹಸ್ತಪ್ರತಿಗಳ ವಿಷಯದಲ್ಲಿ ನಮ್ಮ ಕಣ್ಣು ತೆರೆಸಿದರು. ಲಿಪಿಕಾರ ಎಲ್ಲಿ ತೂಕಡಿಸಿದ, ಎಲ್ಲಿ ಜಾಣತನ ತೋರಿಸಿದ, ಹತ್ತು ಪ್ರತಿ ಹತ್ತು ಬಗೆಯಾಗಿ ಹೇಳಿದರೆ ಯಾವುದರ ಮಾತು ಕೇಳಬೇಕು, ಇದೆಲ್ಲಕ್ಕೂ ಈಗ ಶಾಸ್ತ್ರವಿದೆ. ಆದರೆ ಬೀರುವಿನ ಮೇಲಿನ ಸೂಟ್‌ಕೇಸಿನಲ್ಲಿ, ಹಳೆಯ ಲಗ್ನಪತ್ರಿಕೆಗಳ ಅಡಿಯಲ್ಲಿ, ನುಸಿಗುಳಿಗೆಯ ವಾಸನೆ ಹೊತ್ತು ಮಲಗಿರುವ ಫೋಟೋಗಳ ವಿಚಾರದಲ್ಲಿ ಪೂರ್ವಸೂರಿಗಳು ಮೌನ ವಹಿಸಿದ್ದಾರೆ. ಆ ಕೊರತೆಯನ್ನು ತುಂಬಲು, ಚಾಮರಾಜಪೇಟೆಯ ನಮ್ಮ ಮನೆಯ ನಡುಮನೆಯಲ್ಲಿ, ಅಜ್ಜನ ನವಿಲುಕೆತ್ತನೆಯ ಕುರ್ಚಿಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಕುರ್ಚಿಯ ಪ್ರಸ್ತಾಪ ಅಹಂಕಾರಕ್ಕಲ್ಲ. ಅದು ಮುಂದೆ ಆಕರ ಸಾಮಗ್ರಿಯಾಗಿ ಬರುತ್ತದೆ.

ಇಂಥ ಶಾಸ್ತ್ರಕ್ಕೆ ಪರಂಪರೆಯೇ ಇಲ್ಲ ಎಂಬುದು ಪೂರ್ವಪಕ್ಷ. ಇದೆ, ಅದೂ ಈ ಊರಲ್ಲೇ ಇದೆ ಎಂಬುದು ಸಿದ್ಧಾಂತ. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಮೈಸೂರು ಸೀಮೆಯ ಸುಮಾರು 150 ಶಾಸನಗಳ ಫೋಟೋ ತೆಗೆದರು. ಬೇರೆ ಫೋಟೋದವರಿಗಿಲ್ಲದ ಒಂದು ಸೌಕರ್ಯ ಅವರಿಗಿತ್ತು, ಕಲ್ಲು ಅಲ್ಲಾಡುವುದಿಲ್ಲ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ್ದ ಬಿ. ಎಲ್. ರೈಸ್ ಅವರ ಕೈಗೆ ಆ ಚಿತ್ರಗಳು ಮುಂದೆ ಸೇರಿದವು. ತಾವು ತೆಗೆಯದ ಫೋಟೋಗಳನ್ನು ಕಣ್ಣಿಗೆ ಹಿಡಿದು, ಓದಿ, ಅನುವಾದಿಸಿ, 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ತಂದರು. ಫೋಟೋ ಸಾಲದೆ ಕಲ್ಲುಗಳ ಬೆನ್ನು ಹತ್ತಿದ್ದು ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಾಯಿತು. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ಅವನ್ನೂ ಪರಿಷ್ಕರಿಸಲು ಕೂತರು. ಈಗ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಹಳೆಯ ಫೋಟೋ ಮುಂದಿಟ್ಟುಕೊಂಡು ಕೂತ ಕೆಲಸ ನೂರೈವತ್ತು ವರ್ಷವಾದರೂ ಮುಗಿಯಲಿಲ್ಲ. ನಮ್ಮನೆಯ ಫೋಟೋಗೆ ನಾನು ತೆಗೆದುಕೊಂಡಿರುವುದು ನಾಲ್ಕೇ ವರ್ಷ ಎಂಬುದನ್ನು ಅಡುಗೆಮನೆಯವರು ಗಮನಿಸಬೇಕು.

ಪ್ರಕೃತ ವಸ್ತು ಒಂದೇ ಒಂದು ಫೋಟೋ. ಅಜ್ಜ ಕುರ್ಚಿಯ ಮೇಲೆ, ಅಜ್ಜಿ ಪಕ್ಕದಲ್ಲಿ ನಿಂತು ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು, ಇಬ್ಬರು ಗಂಡುಮಕ್ಕಳು ಅತ್ತಿತ್ತ, ಕೊನೆಯ ಹೆಣ್ಣುಮಗು ಜಮಖಾನದ ಮೇಲೆ. ಫೋಟೋದವನು ಮನೆಗೇ ಬಂದು, ಹಿತ್ತಲಿನಲ್ಲಿ ಬೆಡ್‌ಶೀಟು ಕಟ್ಟಿ ತೆಗೆದದ್ದು. ಮಕ್ಕಳು ಮೂರು ಬಡಾವಣೆಗೆ ಹಂಚಿಹೋದಂತೆ ಫೋಟೋವೂ ಮೂರು ಪಾಠವಾಯಿತು.

ಚಾಮರಾಜಪೇಟೆ ಪಾಠ (ಇನ್ನು ಮುಂದೆ ‘ಚಾ’) ಅತಿ ಪ್ರಾಚೀನ. ಪಂಪಮಹಾಕವಿ ರಸ್ತೆಯ ಸಾಹಿತ್ಯ ಪರಿಷತ್ತಿಗೆ ಕೂಗಳತೆಯ ದೂರದಲ್ಲಿ ಇಷ್ಟು ವರ್ಷ ಇದ್ದುದರಿಂದ ಅದಕ್ಕೆ ಒಂದಿಷ್ಟು ಪಾಂಡಿತ್ಯ ತಾನಾಗಿ ಅಂಟಿದೆ, ಒಂದಿಷ್ಟು ಗೆದ್ದಲೂ. ಕಪ್ಪಿರುವಲ್ಲೆಲ್ಲ ಬೆಳ್ಳಿ ಮೇಲೆದ್ದು ಕನ್ನಡಿಯಂತೆ ಹೊಳೆಯುತ್ತದೆ. ಓರೆಯಾಗಿ ಹಿಡಿದರೆ ಅಜ್ಜನ ಬದಲು ಸಂಶೋಧಕನೇ ಕಾಣುತ್ತಾನೆ. ಅನೇಕ ಸಂಶೋಧನೆಗಳಲ್ಲಿ ಹೀಗಾಗುವುದುಂಟು. ಅಜ್ಜ ತೀರಿಕೊಂಡಾಗ ಬೇರೆ ಫೋಟೋ ಇಲ್ಲದೆ, ಇದರಿಂದಲೇ ಅವರ ಮುಖವನ್ನಷ್ಟೇ ಎತ್ತಿ ದೊಡ್ಡದು ಮಾಡಿಸಿ ಗಂಧದ ಹಾರ ಹಾಕಿದರು. ಹಾಗಾಗಿ ಗೋಡೆಯ ಮೇಲಿನ ಅಜ್ಜನ ಕಿವಿಯ ಪಕ್ಕ ಒಂದು ನವಿಲಿನ ತಲೆಯೂ ಒಡತಿಯಿಲ್ಲದ ನಾಲ್ಕು ಬೆರಳುಗಳೂ ಇವೆ. ಚಿಕ್ಕವನಿದ್ದಾಗ ಕೇಳಿದ್ದಕ್ಕೆ, ದೇವರ ಅಭಯಹಸ್ತ ಎಂದಿದ್ದರು. ಅದು ಅಜ್ಜಿಯ ಕೈ ಎಂದು ಪತ್ತೆ ಹಚ್ಚಿದ್ದು ಈ ಶಾಸ್ತ್ರದ ಮೊದಲ ಗೆಲುವು.

ಬಸವನಗುಡಿ ಪಾಠ (‘ಬ’) ಬಣ್ಣದ್ದು. ಆದರೆ ಬಣ್ಣದ ಫಿಲ್ಮಿನದಲ್ಲ. ಕಪ್ಪು-ಬಿಳುಪು ಪ್ರತಿಯ ಮೇಲೆ ತೆಳ್ಳಗೆ ಎಣ್ಣೆಬಣ್ಣ ಹಚ್ಚಿ, ಹತ್ತಿಯುಂಡೆಯಲ್ಲಿ ಉಜ್ಜಿ, ಕೆಳಗಿನ ಬೆಳಕು-ನೆರಳು ಕಾಣುವಂತೆ ಬಿಡುವ ವಿದ್ಯೆ ಅದು. ಆ ಕಲಾವಿದ ಧಾರಾಳಿ. ಗಂಡುಮಕ್ಕಳ ಕೆನ್ನೆಗೆ ಗುಲಾಬಿ, ಅಜ್ಜಿಯ ಸೀರೆಗೆ ಮಾವಿನೆಲೆ ಹಸಿರು, ಸೆರಗಿಗೆ ಚಿನ್ನ, ಬೆಡ್‌ಶೀಟಿನ ಜಾಗದಲ್ಲಿ ಒಂದು ಸರೋವರ. ಸರೋವರದ ಗುರುತು ಹಿಡಿಯಲು ಚಿಕ್ಕಪ್ಪನ ಮನೆಯವರು ಕೆಂಪಾಂಬುಧಿ ಕೆರೆಗೆ ಹೋಗಿ ಬಂದದ್ದುಂಟು. ನನ್ನ ಅಭಿಪ್ರಾಯದಲ್ಲಿ ಅದು ಪ್ರಕ್ಷೇಪ. ಕೆಂಪಾಂಬುಧಿಯಲ್ಲಿ ಹಂಸವಿದ್ದುದಕ್ಕೆ ಆಧಾರವಿಲ್ಲ.

ಮಲ್ಲೇಶ್ವರದ ಪಾಠ (‘ಮ’) 1980ರ ದಶಕದ್ದು, ಪ್ರತಿಯ ಪ್ರತಿ. ಕಲರ್ ಫಿಲ್ಮಿನಲ್ಲಿ ಹಿಡಿದು, ತೊಳೆಸಿ, ಆಗಿನ ಕಾಲದ ಅಂಟುಹಾಳೆಯ ಆಲ್ಬಮ್ಮಿಗೆ ಒತ್ತಿದ್ದಾರೆ. ಈಗ ಎಬ್ಬಿಸಲು ಹೋದರೆ ಚಿತ್ರವೂ ಜೊತೆಗೇ ಏಳುತ್ತದೆ. ಅಂದಿನ ಕಲರ್ ಪ್ರಿಂಟುಗಳಲ್ಲಿ ಹಸಿರುನೀಲಿ ವರ್ಣದ್ರವ್ಯ ಮೊದಲು ಸಾಯುತ್ತದಾದ್ದರಿಂದ ಇಡೀ ಕುಟುಂಬ ದಾಸವಾಳದ ಬಣ್ಣಕ್ಕೆ ತಿರುಗಿದೆ. ಸೀರೆ ಕೆಂಪು ಎಂದು ಮಲ್ಲೇಶ್ವರದವರು ವಾದಿಸುವುದು ಇದರ ಬಲದಿಂದ. ಹಾಗೆ ನೋಡಿದರೆ ಅಜ್ಜನ ಮೀಸೆಯೂ ಕೆಂಪೇ. ಅದಕ್ಕಿಂತ ಘೋರವಾದ ಲಿಪಿಕಾರದೋಷ ಇನ್ನೊಂದಿದೆ. ಪ್ರಿಂಟು ಹಾಕುವವನು ನೆಗೆಟಿವನ್ನು ತಿರುವುಮುರುವು ಇಟ್ಟಿದ್ದಾನೆ. ಪರಿಣಾಮವಾಗಿ ಅಜ್ಜಿಯ ಸೆರಗು ಬಲಭುಜದ ಮೇಲೆ ಬಂದಿದೆ. ಬಲಭುಜದ ಸೆರಗು ಕೊಡವರ ಪದ್ಧತಿ. ಇಷ್ಟರಿಂದಲೇ ಮಲ್ಲೇಶ್ವರದ ಅತ್ತೆಯ ಅಮೆರಿಕದಲ್ಲಿರುವ ಮೊಮ್ಮಗಳು ತನ್ನ ಶಾಲೆಯಲ್ಲಿ ‘ನಮ್ಮ ಮೂಲ ಕೊಡಗು’ ಎಂದು ಭಾಷಣ ಮಾಡಿ ಬಹುಮಾನ ಪಡೆದಿದ್ದಾಳೆ. ಬಹುಮಾನ ಹಿಂತಿರುಗಿಸಬೇಕೆಂದು ನಾನು ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ.

ಮೂರು ಮನೆಗಳ ನಡುವೆ ಆಸ್ತಿ ಭಾಗವಾಗಿದ್ದು ಒಂದು ಮಧ್ಯಾಹ್ನದಲ್ಲಿ. ಸೀರೆಯ ಬಣ್ಣ ಇನ್ನೂ ಬಗೆಹರಿದಿಲ್ಲ.

ಕಾಲನಿರ್ಣಯವನ್ನು ಬೇಗ ಮುಗಿಸೋಣ. ‘ಚಾ’ ಪ್ರತಿಯಲ್ಲಿ ಅಜ್ಜನ ಕೋಟಿನ ಎಡಮಡಿಕೆಯ ಮೇಲೆ ಒಂದು ದುಂಡನೆಯ ಕಲೆಯಿದೆ. ಅದನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ, ಮಸಾಲೆ ದೋಸೆಯ ತುಪ್ಪ ಎಂದು ನಿರ್ಧರಿಸಿದ್ದೇನೆ. ಅಜ್ಜ ಮನೆಯ ಹೊರಗೆ ಬಾಯಿ ತೆರೆಯುತ್ತಿದ್ದ ಒಂದೇ ಸ್ಥಳ ಗಾಂಧಿಬಜಾರಿನ ವಿದ್ಯಾರ್ಥಿಭವನ. ಅದು ತೆರೆದದ್ದು 1943ರಲ್ಲಿ. ಆದ್ದರಿಂದ ಫೋಟೋ ಅದಕ್ಕಿಂತ ಈಚಿನದು. ಕಲೆ ಬೆಳ್ಳಿಹುಳದ ಕೃತ್ಯ ಎನ್ನುವವರಿಗೆ ದೋಸೆಯ ರುಚಿ ಗೊತ್ತಿಲ್ಲ.

ಬಣ್ಣಕ್ಕೆ ಬರೋಣ. ‘ಚಾ’ದಲ್ಲಿ ಸೀರೆ ಕಡುಗಪ್ಪು. ಸುಮಂಗಲಿ ಕಪ್ಪು ಸೀರೆಯುಟ್ಟು ಫೋಟೋಗೆ ನಿಲ್ಲುವುದು ಅಂದಿನ ಕಾಲಕ್ಕೆ ಸಲ್ಲದ ಮಾತು. ಇಲ್ಲಿ ರಸಾಯನಶಾಸ್ತ್ರ ನೆರವಿಗೆ ಬರುತ್ತದೆ. ಆರ್ಥೋಕ್ರೊಮ್ಯಾಟಿಕ್ ಎಂಬ ಹಳೆಯ ಬಗೆಯ ಪ್ಲೇಟಿಗೆ ಕೆಂಪು ಬೆಳಕು ಕಾಣುವುದೇ ಇಲ್ಲ. ಅದಕ್ಕೇ ಕತ್ತಲೆಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು ನಿರ್ಭಯವಾಗಿ ತೊಳೆಯಬಹುದಾಗಿತ್ತು. ಇಂಥ ಪ್ಲೇಟಿನಲ್ಲಿ ತಿಳಿನೀಲಿ ಬಿಳಿಚುತ್ತದೆ, ಕುಂಕುಮ ಕಾಡಿಗೆಯಾಗುತ್ತದೆ. ಆದ್ದರಿಂದ ಸೂತ್ರ: ಅಜ್ಜಿಯ ಹಣೆಯ ಕುಂಕುಮವೂ ಸೀರೆಯೂ ಒಂದೇ ಕಪ್ಪಾಗಿದ್ದರೆ ಸೀರೆ ಕೆಂಪಿರಬಹುದು. ಎರಡು ವರ್ಷ ಈ ಸೂತ್ರವನ್ನು ಹೊಸೆದು, ಹಿತ್ತಾಳೆಯ ಭೂತಗನ್ನಡಿ ಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ಬೆಳ್ಳಿಹುಳ ಊಟ ಮಾಡಿದ್ದು ಸರಿಯಾಗಿ ಆ ಕುಂಕುಮದ ಜಾಗದಲ್ಲೇ.

ಮೂಲ ಸೀರೆಯನ್ನೇ ಏಕೆ ನೋಡಬಾರದು ಎಂದು ಶಿಷ್ಯರು ಕೇಳಬಹುದು. ಜರಿಯ ಆಸೆಗೆ ಹಳೇ ಸೀರೆ ಕೊಳ್ಳಲು ಬೀದಿಗೆ ಬರುತ್ತಿದ್ದವಳಿಗೆ ಅದನ್ನು ಕೊಟ್ಟು ಒಂದು ಸ್ಟೀಲ್ ಕೊಳಗ ತೆಗೆದುಕೊಂಡಿದ್ದಾರೆ. ಕೊಳಗದ ಮೇಲೆ ಅಜ್ಜಿಯ ಹೆಸರು ಕೊರೆದಿದೆ, ಬಣ್ಣ ಕೊರೆದಿಲ್ಲ. ಹಾಗಾದರೆ ನೆಗೆಟಿವ್? ಗಾಜಿನ ಪ್ಲೇಟುಗಳ ಮೇಲಿನ ಲೇಪ ತೊಳೆದು ಗಾಜನ್ನು ಬೇರೆ ಕೆಲಸಕ್ಕೆ ಬಳಸುವ ರೂಢಿ ಹಿಂದೆ ಇತ್ತು. ಗೋಡೆಯ ಮೇಲಿನ ಅಜ್ಜನ ಚಿತ್ರಕ್ಕೆ ಹಾಕಿರುವ ಗಾಜೇ ಆ ಗಾಜು ಎಂಬುದು ನನ್ನ ಊಹೆ. ಅಂದರೆ ದಿನಾ ಹೂವೇರಿಸಿ ನಾವು ಒರೆಸುತ್ತಿರುವುದು ಮೂಲಪ್ರತಿಯನ್ನೇ. ಚೆನ್ನಾಗಿ ತೊಳೆದ ಮೂಲಪ್ರತಿಯನ್ನು.

ಬಣ್ಣ ಬಳಿಯುವುದರಲ್ಲಿ ತಪ್ಪಿಲ್ಲ ಎನ್ನುವ ಪಂಥವೊಂದು ಪ್ರಬಲವಾಗಿದೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣ ತೊಟ್ಟು ಬಂತು. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ. ಸೆಕೆಂಡಿಗೆ 24 ಚಿತ್ರದಂತೆ ಅವರು ಎಷ್ಟು ಸೀರೆಗಳ ಬಣ್ಣ ನಿರ್ಧರಿಸಿರಬೇಡ! ‘ಕಸ್ತೂರಿ ನಿವಾಸ’ಕ್ಕೆ ನಾನು ಭೂತಗನ್ನಡಿ ಇಟ್ಟುಕೊಂಡೇ ಹೋಗಿದ್ದೆ. ಪಕ್ಕದಲ್ಲಿ ಕೂತವರು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಗ, ಜಯಂತಿಯ ಸೀರೆಗೆ ಈ ಬಣ್ಣ ಯಾವ ಆಧಾರದ ಮೇಲೆ ಎಂದು ಮೆಲ್ಲಗೆ ವಿಚಾರಿಸಿದೆ. ಅವರು ಜಾಗ ಬದಲಿಸಿದರು.

ಇದೇ ಪಂಥಕ್ಕೆ ಸೇರಿದ ನನ್ನ ಅಣ್ಣನ ಮಗ ಒಂದು ಭಾನುವಾರ ‘ಚಾ’ ಪ್ರತಿಯನ್ನು ಫೋನಿನಲ್ಲಿ ಹಿಡಿದು, ಯಾವುದೋ ಆ್ಯಪಿಗೆ ಉಣಿಸಿ, ಕಾಫಿ ಆರುವುದರೊಳಗೆ ನಾಲ್ಕನೆಯ ಪಾಠವನ್ನು ಸೃಷ್ಟಿಸಿದ. ಇದಕ್ಕೆ ‘ಫೋ’ ಎಂದು ಸಂಕೇತ. ‘ಫೋ’ದಲ್ಲಿ ಕಲೆ ಹೋಗಿದೆ, ಕಲೆಯೊಂದಿಗೆ 1943 ಹೋಗಿದೆ. ಅಜ್ಜ ಮಾಧ್ವರು, ಹಣೆಯ ನಟ್ಟನಡುವೆ ಅಂಗಾರದ ಗೆರೆ ಎಳೆಯದೆ ಹೊಸ್ತಿಲು ದಾಟಿದವರಲ್ಲ. ಅದನ್ನು ಆ್ಯಪು ಗೀರು ಎಂದು ತಿಳಿದು ಒರೆಸಿ ಹಾಕಿದೆ. ಏಳು ಶತಮಾನಗಳ ವಾಗ್ವಾದದಲ್ಲಿ ದ್ವೈತಿಗಳನ್ನು ಕದಲಿಸಲಾಗದೆ ಸೋತವರು ಈ ಆ್ಯಪಿನ ಹೆಸರು ಕೇಳಿ ಬರೆದುಕೊಳ್ಳಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಅಜ್ಜ ನಗುತ್ತಿದ್ದಾರೆ. ಹಲ್ಲು ಕಾಣುವಂತೆ. ಕ್ಲಿಷ್ಟವಾದ ಪಾಠವೇ ಮೂಲಪಾಠ ಎಂಬುದು ಗ್ರಂಥಸಂಪಾದಕರ ನಂಬುಗೆಯ ಸೂತ್ರ. ‘ಚಾ’ದಲ್ಲಿ ಅಜ್ಜ ಹುಬ್ಬು ಗಂಟಿಕ್ಕಿದ್ದಾರೆ, ‘ಬ’ದ ಕಲಾವಿದ ಆ ಗಂಟನ್ನು ಸ್ವಲ್ಪ ಸಡಿಲಿಸಿದ್ದಾನೆ, ‘ಮ’ದಲ್ಲಿ ಕೆಂಪಿನಲ್ಲಿ ಏನೂ ತಿಳಿಯದು. ಎಲ್ಲಕ್ಕಿಂತ ಕ್ಲಿಷ್ಟ ಅಜ್ಜ ಯಾರೋ ಅವರೇ ನಿಜವಾದ ಅಜ್ಜ. ಅವರ ಕೈಯಲ್ಲಿ ಮಗ್ಗಿ ಒಪ್ಪಿಸಿದವರೆಲ್ಲ ಇದನ್ನು ಅನುಮೋದಿಸುತ್ತಾರೆ. ಆದರೆ ಕುಟುಂಬದವರೆಲ್ಲರ ಫೋನಿನಲ್ಲಿ ಈಗ ಇರುವುದು ನಗುವ ಅಜ್ಜ. ಚಿಕ್ಕಪ್ಪನಂತೂ, ಅಪ್ಪ ಯಾವಾಗಲೂ ಹೀಗೇ ನಗ್ತಿದ್ರು ಎಂದು ಕಣ್ಣೊರೆಸಿಕೊಂಡರು.

(ಇಲ್ಲೊಂದು ಉಪಕಥೆ. ಅದೇ ಸೂಟ್‌ಕೇಸಿನ ತಳದಲ್ಲಿ ನನ್ನ ಹತ್ತೊಂಬತ್ತನೆಯ ವಯಸ್ಸಿನ ಕವನಗಳ ನೋಟ್‌ಬುಕ್ಕು ಸಿಕ್ಕಿತು. ಪರಿಷ್ಕರಿಸಿ ಪ್ರಕಟಿಸುವ ಉದ್ದೇಶದಿಂದ ಓದತೊಡಗಿ, ಮೂರನೆಯ ಪುಟದ ಹೊತ್ತಿಗೆ ಅದಷ್ಟೂ ಪ್ರಕ್ಷಿಪ್ತ ಎಂಬ ತೀರ್ಮಾನಕ್ಕೆ ಬಂದೆ. ಕೈಬರಹ ನನ್ನದೇ ಎಂಬ ಆಕ್ಷೇಪ ಬಾಲಿಶವಾದದ್ದು.)

ಉಳಿದದ್ದು ಒಂದೇ ಜೀವಂತ ಆಕರ. ಜಮಖಾನದ ಮೇಲೆ ಕೂತಿದ್ದ ಆ ಹೆಣ್ಣುಮಗು, ನಮ್ಮ ಅತ್ತೆ, ಈಗ ಮಲ್ಲೇಶ್ವರದಲ್ಲಿ ಎಂಬತ್ತು ದಾಟಿ ಕೂತಿದ್ದಾರೆ. ಫೋಟೋ ತೆಗೆವಾಗ ತಲೆಯಾಡಿಸಿದ್ದರಿಂದ ‘ಚಾ’ದಲ್ಲಿ ಅವರ ಮುಖ ಒಂದು ಹೊಗೆ. ನಾಲ್ಕೂ ಪಾಠಗಳನ್ನು ಕವರಿನಲ್ಲಿಟ್ಟುಕೊಂಡು, ಸಂಪಿಗೆ ರಸ್ತೆಯಲ್ಲಿ ಒಂದು ಮೊಳ ಮಲ್ಲಿಗೆಯನ್ನೂ ಕೊಂಡು ಹೋದೆ. ಅತ್ತೆ ಕನ್ನಡಕ ಏರಿಸಿ ಮೊದಲು ‘ಫೋ’ವನ್ನೇ ಎತ್ತಿಕೊಂಡರು. ಆ್ಯಪು ಹೊಗೆಯ ಜಾಗದಲ್ಲಿ ತನಗೆ ತೋಚಿದ ಒಂದು ಮುದ್ದಾದ ಮುಖ ತುಂಬಿಸಿತ್ತು.

“ಈ ಮಗು ಯಾರೋ?”

ನೀವೇ ಎಂದೆ. ಸ್ವಲ್ಪ ಹೊತ್ತು ನೋಡಿದರು. “ಚೆನ್ನಾಗಿದೀನಿ” ಎಂದು ಅದನ್ನು ಮಡಿಲಲ್ಲೇ ಇಟ್ಟುಕೊಂಡರು. ನಾನು ಪೆನ್ನು ತೆಗೆದು, ನಾಲ್ಕು ವರ್ಷದ ಪ್ರಶ್ನೆಯನ್ನು ಮುಂದಿಟ್ಟೆ.

“ಸೀರೆನಾ? ಯಾವನಿಗೆ ನೆನಪಿರುತ್ತೆ” ಎಂದರು ಅತ್ತೆ. ಆಮೇಲೆ ‘ಚಾ’ವನ್ನು ಕಣ್ಣಿನ ಹತ್ತಿರ ತಂದು, ಅಜ್ಜನ ಕಿವಿಯ ಪಕ್ಕದ ನವಿಲಿನ ಮೇಲೆ ಬೆರಳಿಟ್ಟರು. “ಈ ಕುರ್ಚಿ ನಮ್ದಲ್ಲ ಕಣೋ. ಫೋಟೋಗೆ ಅಂತ ಪಕ್ಕದ್ಮನೆಯಿಂದ ಇಸ್ಕೊಂಡ್ ಬಂದಿದ್ರು. ಸಂಜೆಗೆ ವಾಪಸ್ ಕೊಡ್ತೀವಿ ಅಂದಿದ್ರು ಅಪ್ಪ. ಕೊಟ್ರಾ?”

ಉತ್ತರವನ್ನು ಪ್ರಬಂಧದ ಎರಡನೆಯ ಆವೃತ್ತಿಗೆ ಕಾದಿರಿಸಿದ್ದೇನೆ. ಈ ಸಾಲುಗಳನ್ನು ನಿಂತುಕೊಂಡು ಬರೆದಿದ್ದೇನೆ.