ಒಂದು ಪೌಂಡಿನ ಅನ್ನಪೂರ್ಣೆ

ಅಮೆರಿಕದ ಮಿನೆಸೋಟ ಸೀಮೆಯ ಯಾವ ಊರಿಗೆ ಹೋದರೂ, ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುವ ಸಂಜೆಯಲ್ಲಿ, ನುಣ್ಣಗೆ ಅರೆದ ಒಂದು ಪೌಂಡು ಗೋಮಾಂಸವನ್ನು ಅಕ್ಕಸಾಲಿಗನು ಹೊನ್ನನ್ನು ನಿಟ್ಟಿಸುವಂತೆ ನಿಟ್ಟಿಸುತ್ತ ಒಲೆಯ ಮುಂದೆ ನಿಂತಿರುವ ಗೃಹಿಣಿಯೊಬ್ಬಳನ್ನು ನೀವು ಕಾಣದೆ ಇರಲಾರಿರಿ. ನಮ್ಮ ಲೆಕ್ಕದಲ್ಲಿ 454 ಗ್ರಾಂ ತೂಗುವ ಆ ದ್ರವ್ಯಕ್ಕೆ ಆಕೆ, ಅಕ್ಕಸಾಲಿಗನು ಹೊನ್ನಿಗೆ ತಾಮ್ರವನ್ನು ಬೆರಸುವಂತೆಯೇ, ಅಕ್ಕಿಯನ್ನು ಬೆರಸುವಳು. ಭೇದವಿಷ್ಟೆ: ಅವನು ಬೆರಕೆಯನ್ನು ಮರೆಮಾಚುವನು, ಈಕೆ ಅದನ್ನು ನೆರೆಹೊರೆಗೆಲ್ಲ ಸಾರುವಳು.

ಈ ವಿದ್ಯೆ ಆಕೆಗೆ ಪರಂಪರಾಗತವಾದುದು. 1929ರ ತರುವಾಯದ ಮಹಾ ಆರ್ಥಿಕ ಕುಸಿತದಲ್ಲಿ ತಾಯಿಯಿಂದ ಅಕ್ಷರಾಭ್ಯಾಸವಾಗಿ, ಮಾಂಸಕ್ಕೆ ಪಡಿತರ ಬಂದ 1943ರಿಂದ 1945ರವರೆಗಿನ ಯುದ್ಧಕಾಲದಲ್ಲಿ ಅದು ಪಾಂಡಿತ್ಯವಾಗಿ ಬೆಳೆಯಿತು. ಸ್ಫೋಟಕಗಳಿಗೆ ಬೇಕಾದ ಗ್ಲಿಸರಿನ್‌ಗಾಗಿ ಸರ್ಕಾರವು ಅಂದು ಅಡುಗೆಮನೆಗಳ ಕರಗಿದ ಕೊಬ್ಬನ್ನು ಬೇಡಿತ್ತು. ಯುದ್ಧ ಮುಗಿಯಿತು, ಸೈನ್ಯಗಳು ಮರಳಿದುವು, ಆದರೆ ಒಲೆಯ ಪಕ್ಕದ ಆಕೆಯ ಕೊಬ್ಬಿನ ಡಬ್ಬವು ಮಾತ್ರ ಇಂದಿಗೂ ಶಸ್ತ್ರಸಂನ್ಯಾಸ ಮಾಡಿಲ್ಲ.

ಹೊಸ ಅತಿಥಿಗೆ ಆಕೆ, "ಈ ರಾತ್ರಿ ಊಟಕ್ಕೆ ಮುಳ್ಳುಹಂದಿ" ಎಂದು ಪ್ರಸನ್ನವದನಳಾಗಿ ತಿಳಿಸುವಳು. ಅತಿಥಿಯು ಬೇಟೆ ನಡೆದ ಅರಣ್ಯವನ್ನು ಕಲ್ಪಿಸಿಕೊಂಡು ಕಳವಳಗೊಳ್ಳುತ್ತಿರುವಾಗ ತಟ್ಟೆಗೆ ಬರುವುದು ಮಾಂಸದ ಉಂಡೆ. ಹಸಿಯಾದ ಅಕ್ಕಿಯನ್ನು ಮಾಂಸದೊಡನೆ ಕಲಸಿ, ಉಂಡೆ ಕಟ್ಟಿ, ಟೊಮೇಟೊ ರಸದಲ್ಲಿ ಸಾವಧಾನವಾಗಿ ಬೇಯಿಸಲು, ಕಾಳುಗಳು ಸುಮಾರು ಮೂರು ಪಟ್ಟು ಉಬ್ಬಿ ಮುಳ್ಳುಗಳಂತೆ ಹೊರಗೆ ಇಣುಕುವುವು. ಹೆಸರಿನ ಹಿಂಸೆಯೆಲ್ಲ ಅಷ್ಟೆ.

ಆಕೆಯ ಪೌಂಡಿಗೆ ಅವತಾರಗಳೂ ಉಂಟು. ಮೊದಲ ದಿನ ಅದು, 1934ರಲ್ಲಿ ಪೇಟೆಗೆ ಬಂದಂದಿನಿಂದ ಆ ಸೀಮೆಯ ಕುಲದೈವವೇ ಆಗಿಹೋದ, ಡಬ್ಬದ ಅಣಬೆಯ ಸೂಪಿನಲ್ಲಿ ಅನ್ನದೊಡನೆ ಮುಳುಗಿ 'ಹಾಟ್‌ಡಿಶ್' ಎನಿಸಿಕೊಳ್ಳುವುದು. ಮರುದಿನ ಉಳಿದದ್ದು ದೊಣ್ಣೆಮೆಣಸಿನಕಾಯಿಯ ಗರ್ಭವನ್ನು ಪ್ರವೇಶಿಸುವುದು. ಮೂರನೆಯ ದಿನ ಸೂಪಿನ ಪಾತ್ರೆಯಲ್ಲಿ ಅದಕ್ಕೆ ಜಲಸಮಾಧಿ. ಅತಿಥಿ ಹೆಚ್ಚಿದರೆ ಸಾರಿಗೊಂದು ಚೊಂಬು ನೀರು ಸುರಿಯುವ ನಮ್ಮ ಅಜ್ಜಿಯರಿಗೆ ಆಕೆಯ ಭಾಷೆ ತಿಳಿಯದಿದ್ದರೂ ಲೆಕ್ಕವು ಒಡನೆಯೇ ತಿಳಿದೀತು. ಇಷ್ಟು ಹಿಡಿತದವಳು ಜಿಪುಣಿಯೆಂದು ಭಾವಿಸಿದರೆ ಮಾತ್ರ ನೀವು ಕೆಟ್ಟಿರಿ. ನಾಲ್ವರ ಮಾಂಸವನ್ನು ಎಂಟು ಮಂದಿಗೆ ಸಾಗಿಸುವುದು ಆಕೆಯ ಪಂಥ. ಎಂಟನೆಯವನು ಬಾರದಿದ್ದರೆ ಗೆಲವು ಅಪೂರ್ಣವೆಂದು ಕಿಟಕಿಯಿಂದ ಬೀದಿಯನ್ನು ನೋಡುವಳು.

ಆಕೆಯ ನಿಜವಾದ ರಣರಂಗವು ಚರ್ಚಿನ ನೆಲಮಾಳಿಗೆಯ ಸಾಮೂಹಿಕ ಭೋಜನ. ಮನೆಗೊಂದರಂತೆ ಬಂದ ಪಾತ್ರೆಗಳು ಉದ್ದನೆಯ ಮೇಜಿನ ಮೇಲೆ ಸಾಲುಗೊಂಡಿರುವುವು. ಯಾರದು ಯಾವುದೆಂದು ತಿಳಿಯಲು ತಳದಲ್ಲಿ ಹೆಸರು ಬರೆದ ಅಂಟುಪಟ್ಟಿ. ದೂರದಲ್ಲಿ ಕಾಫಿ ಹೀರುತ್ತ, ಹವಾಮಾನವನ್ನು ಕುರಿತು ಮಾತನಾಡುತ್ತ, ತನ್ನ ಪಾತ್ರೆಯನ್ನು ಯಾರು ಎಷ್ಟು ತೋಡಿಕೊಂಡರೆಂಬುದನ್ನು ಆಕೆ ಓರೆಗಣ್ಣಿನಿಂದ ಎಣಿಸುವಳು. ಎಲ್ಲ ಮುಗಿದ ಬಳಿಕ, ಪೂರ್ತಿ ಬರಿದಾದ ಆ ಪಾತ್ರೆಯನ್ನು ಮಗುಚಿ, ತನ್ನ ಹೆಸರನ್ನು ಓದಿಕೊಂಡು, ಹರ್ಷವನ್ನು ಅದುಮಿ ಹಿಡಿದು, ಪಕ್ಕದವಳಿಗೆ ಗಂಭೀರವಾಗಿ ಹೇಳುವಳು: "ಇನ್ನೊಂದು ಬಟ್ಟಲು ಅಕ್ಕಿ ಹಾಕಬಹುದಾಗಿತ್ತು."