ಲಿನಕ್ಸ್ ಭಾವ

ಯಾರ ಮನೆಗೆ ಹೋದರೂ ನಮ್ಮ ಭಾವನವರ ಕಣ್ಣು ಮೊದಲು ಬೀಳುವುದು ಕಂಪ್ಯೂಟರಿನ ಮೇಲೆ. ಅದರ ಪಾಡಿಗೆ ಅದು ನಡೆಯುತ್ತಿದ್ದರೆ ಅವರಿಗೆ ಸಂಕಟ. "ಅಕ್ಷರ ಸ್ವಲ್ಪ ಮಸುಕಾಗಿಲ್ವೇನೋ?" ಎನ್ನುತ್ತಾರೆ. ಇಲ್ಲವೆನ್ನುವಷ್ಟರಲ್ಲಿ ಕುರ್ಚಿ ಎಳೆದು ಕೂತು, ಟರ್ಮಿನಲ್ ತೆರೆದಾಗಿರುತ್ತದೆ.

ಎಕ್ಸ್‌ರ‍್ಯಾಂಡರ್ ಎಂದು ಟೈಪಿಸಿದರೆ ಪರದೆಯ ಅಳತೆ 1024x768 ಎಂದು ಬಂತು. ಮಾನಿಟರಿನದು 1366x768. ಭಾವನ ಮುಖ ಅರಳಿತು. "ಹಳೇ ವಿಜಿಎ ಕೇಬಲ್ಲು. ಮಾನಿಟರ್ ಹೇಳಿದ್ದು ಕಂಪ್ಯೂಟರಿಗೆ ಕೇಳಿಸಿಲ್ಲ. ನಾವೇ ಹೇಳೋಣ." ಸಿವಿಟಿ ಕಮ್ಯಾಂಡಿನಿಂದ ಆ ಅಳತೆಯ ಮೋಡ್‌ಲೈನ್ ತೆಗೆದರೆ ಅದು 1368 ಎಂದಿತು. "ಎಂಟರಿಂದ ಭಾಗ ಆಗಬೇಕಲ್ಲಪ್ಪ, ಅದಕ್ಕೇ ಎರಡು ಜಾಸ್ತಿ." ಯಾರೂ ಕೇಳಿರಲಿಲ್ಲ.

ಎಕ್ಸ್‌ಆರ್ಗ್ ಕಾನ್ಫ್ ಎಂಬ ಪರದೆಯ ಸೆಟ್ಟಿಂಗ್ ಫೈಲಿನಲ್ಲಿ ಅದನ್ನು ಬರೆದು ರೀಸ್ಟಾರ್ಟ್ ಮಾಡಿದರು. ಪರದೆ ಕಪ್ಪು.

"ಗಾಬರಿಯಾಗ್ಬೇಡ" ಎಂದು ಕಂಟ್ರೋಲ್, ಆಲ್ಟ್, ಎಫ್ 3 ಒತ್ತಿದರು. ಕಪ್ಪಿನ ಮೇಲೆ ಬಿಳಿ ಅಕ್ಷರ ಮೂಡಿತು. ಭಾವ ನಿಜವಾಗಿ ಸುಖವಾಗಿರುವುದು ಇಲ್ಲಿಯೇ. ಸ್ವಾತಂತ್ರ್ಯ ಹೋರಾಟಗಾರರ ಧಾಟಿಯಲ್ಲಿ ಶುರುಮಾಡಿದರು: "ಇದೇನು ಮಹಾ! ಆ ದಪ್ಪ ಮಾನಿಟರ್ ಕಾಲದಲ್ಲಿ ಹಾರಿಜಾಂಟಲ್ ಸಿಂಕ್ ತಪ್ಪು ಬರೆದರೆ ಮಾನಿಟರೇ ಸುಟ್ಟುಹೋಗಬಹುದಿತ್ತು, ಗೊತ್ತಾ?" ಆಮೇಲೆ 2012ರಲ್ಲಿ ಲಿನಕ್ಸಿನ ಜನಕ ಲೈನಸ್ ಟೊರ್ವಾಲ್ಡ್ಸ್ ಫಿನ್ಲೆಂಡಿನ ಸಭೆಯೊಂದರಲ್ಲಿ ಎನ್‌ವಿಡಿಯಾ ಕಂಪನಿಗೆ ನಡುಬೆರಳು ತೋರಿಸಿದ ಕಥೆ. ಮಕ್ಕಳು ಸುತ್ತ ಕೂತಿದ್ದರಿಂದ ಭಾವ ತೋರುಬೆರಳಲ್ಲೇ ಮುಗಿಸಿದರು.

"ರೀ, ಎಲೆ ಹಾಕಾಯ್ತು" ಎಂದು ಅಕ್ಕ ಒಳಗಿನಿಂದ ಕೂಗಿದಳು. "ಬಂದೆ, ಒಂದೇ ಲೈನು." ಆ ಲೈನು ಮುಗಿಯುವಾಗ ಸಾರು ಎರಡು ಸಲ ಬಿಸಿಯಾಗಿತ್ತು. ಪರದೆ ಮರಳಿ ಬಂತು, 1024x768ರಲ್ಲೇ. "ಈಗ ನೋಡು, ಎಷ್ಟು ಕ್ಲಿಯರ್ರು!"

ಈಚೆಗೆ ಹೊಸ ಕಂಪ್ಯೂಟರ್ ಕೊಂಡೆವು. ಅದರಲ್ಲಿ ಪರದೆ ನೋಡಿಕೊಳ್ಳುವುದು ವೇಲ್ಯಾಂಡ್, ಎಕ್ಸ್‌ಆರ್ಗ್ ಕಾನ್ಫ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ತನ್ನ ಅಳತೆ ಇಷ್ಟೆಂದು ಮಾನಿಟರ್ ಹೇಳುತ್ತದೆ, ಕರ್ನಲ್ ಕೇಳಿಸಿಕೊಳ್ಳುತ್ತದೆ. ನಡುವೆ ಭಾವನವರಿಗೆ ಜಾಗವಿಲ್ಲ. ಬಂದವರು ಫೋಲ್ಡರುಗಳನ್ನೆಲ್ಲ ಜಾಲಾಡಿ, "ಫೈಲೇ ಇಲ್ವಲ್ಲೋ!" ಎಂದು ಪೆಚ್ಚಾದರು. ಅಕ್ಕ ಕರೆಯುವ ಮೊದಲೇ ಎದ್ದು ಊಟಕ್ಕೆ ಬಂದರು. ನಮಗೆಲ್ಲ ಅಯ್ಯೋ ಅನ್ನಿಸಿತು.

ಕೈ ತೊಳೆಯುತ್ತಾ ಕೇಳಿದರು: "ಪ್ರಿಂಟರ್ ಎಲ್ಲಿಟ್ಟಿದ್ದೀರಿ?"